ಹಿಮ್ಮೇಳದ ಸಾಲಿನಿಂದ ಕಲಿತ ಜುಲು ಹಾಡು

ದಕ್ಷಿಣ ಆಫ್ರಿಕಾದ ಜುಲು ಗಂಡಸರು ಯಾವ ವಾದ್ಯವೂ ಇಲ್ಲದೆ ಗುಂಪಾಗಿ ಹಾಡುವ ‘ಇಸಿಕತಮಿಯ’ದ ಹುಚ್ಚು ನನಗೆ ಹಿಡಿದದ್ದು ಲೇಡಿಸ್ಮಿತ್ ಬ್ಲ್ಯಾಕ್ ಮಾಂಬಾಜೊ ತಂಡದಿಂದ. ಎಲ್ಲರೂ ಮೆಚ್ಚುವುದು ತಂಡವನ್ನು ಕಟ್ಟಿ ಬೆಳೆಸಿದ ಜೋಸೆಫ್ ಶಬಲಾಲಾ ಅವರ ಮೆದುದನಿಯನ್ನು. ಕಲಿಯಲು ಕುಳಿತಾಗ ನಾನು ಅದನ್ನು ಬದಿಗಿಟ್ಟು ಬೇಸ್ ದನಿಗಳಿಗೆ, ಅಂದರೆ ಎಲ್ಲಕ್ಕಿಂತ ತಗ್ಗಿನ ದನಿಗಳಿಗೆ, ಕಿವಿಗೊಟ್ಟೆ. ಇಂಥ ತಂಡದಲ್ಲಿ ಮುಂದಾಳು ಒಬ್ಬ, ಬೇಸ್‌ಗಿಂತ ಮೇಲಿನ ಆಲ್ಟೊ ಮತ್ತು ಟೆನರ್ ದನಿಗಳಿಗೆ ಒಬ್ಬೊಬ್ಬರು, ಮಿಕ್ಕವರೆಲ್ಲ ಬೇಸ್. ಅಷ್ಟು ಜನರನ್ನು ಸುಮ್ಮನೆ ಹಿಂದೆ ನಿಲ್ಲಿಸಿರುವುದಿಲ್ಲವಲ್ಲ!

ಕರ್ನಾಟಕ ಸಂಗೀತ ಕಲಿತ ಕಿವಿಗೆ ಇಲ್ಲೇ ಪೇಚು. ನಮ್ಮ ತಂಬೂರಿಯ ಷಡ್ಜ ಕದಲುವುದಿಲ್ಲ. ಇಲ್ಲಿ ತಳವೇ ಚಲಿಸುತ್ತದೆ. ಬೇಸ್ ಷಡ್ಜದಿಂದ ಮಧ್ಯಮಕ್ಕೆ, ಅಲ್ಲಿಂದ ಪಂಚಮಕ್ಕೆ, ಮತ್ತೆ ಷಡ್ಜಕ್ಕೆ ಸುತ್ತುತ್ತಿರುತ್ತದೆ. ಮೇಲಿನ ದನಿ ಷಡ್ಜ ಬಿಟ್ಟು ಅಲುಗದಿದ್ದರೂ, ಬೇಸ್ ಮಧ್ಯಮಕ್ಕೆ ಬಂದ ಕ್ಷಣ ಅದೇ ಷಡ್ಜ ಪಂಚಮವಾಗಿ ಕೇಳಿಸುತ್ತದೆ. ಇದು ಕಿವಿಗೆ ದಕ್ಕುವವರೆಗೆ ಶ್ರುತಿಪೆಟ್ಟಿಗೆಯನ್ನು ಮುಟ್ಟಲಿಲ್ಲ. ಬೇಸ್ ಸಾಲನ್ನು ಮೊಬೈಲ್‌ನಲ್ಲಿ ಧ್ವನಿಮುದ್ರಿಸಿಕೊಂಡು ಅದರ ಮೇಲೆ ಆಲ್ಟೊ ಹಾಡಿದೆ. ಆಮೇಲೆ ಆಲ್ಟೊ ಮುದ್ರಿಸಿಕೊಂಡು ಬೇಸ್ ಹಾಡಿದೆ. ಚರ್ಚ್‌ನಲ್ಲಿ ಹಾಡುವ ಗೆಳೆಯನೊಬ್ಬ ಜೊತೆಗೂಡಿದಾಗ ಅವನಿಗೆ ಈ ಸ್ವರಮೇಳ ಹೊಸದೆನಿಸಲೇ ಇಲ್ಲ. ಅದರಲ್ಲಿ ಆಶ್ಚರ್ಯವಿಲ್ಲ. ಮಿಷನರಿಗಳ ಸ್ತೋತ್ರಗೀತೆಗಳೂ 1890ರಲ್ಲಿ ಅಲ್ಲಿಗೆ ಬಂದ ಆರ್ಫಿಯಸ್ ಮೆಕಾಡೂ ಅವರ ಆಫ್ರಿಕನ್ ಅಮೆರಿಕನ್ ತಂಡದ ಹಾಡುಗಳೂ ಜುಲು ಹಾಡಿಕೆಯೊಳಗೆ ಬೆರೆತಿವೆ. ‘ಅಪ್ಪಟ’ ಸಂಪ್ರದಾಯ ಹುಡುಕುವವರಿಗೆ ಇದು ರುಚಿಸದಿರಬಹುದು, ನನಗಂತೂ ರುಚಿಸಿತು.

ದನಿ ತಗ್ಗಿಸುವುದು ಇನ್ನೂ ಕಷ್ಟ. ಮಂದ್ರದಲ್ಲಿ ಮೆಲ್ಲಗೆ ಹಾಡಿದರೆ ಸ್ವರ ಜಾರುತ್ತದೆ, ಜೋರು ಮಾಡಿದರೆ ಮುಂದಾಳು ಮುಳುಗುತ್ತಾನೆ. ಗಣಿ, ಕಾರ್ಖಾನೆಗಳಿಗೆ ವಲಸೆ ಬಂದು ಹಾಸ್ಟೆಲುಗಳಲ್ಲಿದ್ದ ಕಾರ್ಮಿಕರು ಕಾವಲುಗಾರರಿಗೆ ಕೇಳಿಸದಂತೆ ಹೆಜ್ಜೆಯನ್ನೂ ದನಿಯನ್ನೂ ತಗ್ಗಿಸಿದರು ಎಂದು ಹೇಳುತ್ತಾರೆ. ನಾನೂ ತುದಿಗಾಲಲ್ಲಿ ಹೆಜ್ಜೆ ಹಾಕುತ್ತಲೇ ಹಾಡಿದೆ. ಕಾಲು ಹಗುರಾದಾಗ ಉಸಿರು ತಾನಾಗಿಯೇ ಹಿಡಿತಕ್ಕೆ ಬಂತು.

ಜುಲು ಭಾಷೆಯ ಉಚ್ಚಾರಣೆಗೆ ಮೂರು ಬಗೆಯ ಕ್ಲಿಕ್, ಅಂದರೆ ನಾಲಿಗೆಯಿಂದ ಹೊರಡಿಸುವ ಲೊಚ್‌ನಂಥ ವ್ಯಂಜನಗಳು, ಬೇಕು. ‘ಇಸಿಕತಮಿಯ’ದಲ್ಲಿ ನಾನು ‘ಕ’ ಎಂದು ಬರೆದದ್ದೇ ಒಂದು ಕ್ಲಿಕ್. ನಾವು ಮರುಕದಿಂದ ಲೊಚಗುಟ್ಟುವಾಗ ನಾಲಿಗೆ ಮಾಡುವ ಸದ್ದು ಅದು. ಕೆನ್ನೆಯ ಬದಿಯಿಂದ ಹೊರಡುವ ಕ್ಲಿಕ್ ಒಂಟಿಯಾಗಿ ಸಲೀಸು, ಹಾಡಿನ ನಡುವೆ ಈಗಲೂ ತಡವರಿಸುತ್ತದೆ.

ಕಲಿಯಬಯಸುವವರು 1939ರ ‘ಇಂಬುಬೆ’ ಹಾಡಿನಿಂದ ಆರಂಭಿಸಲಿ. ಅಲ್ಲಿ ಹಿಮ್ಮೇಳದವರು ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುತ್ತಾರೆ, ಹಾಡನ್ನು ಕಟ್ಟಿದ ಸಾಲೊಮನ್ ಲಿಂಡಾ ಅದರ ಮೇಲೆ ಸ್ವಚ್ಛಂದವಾಗಿ ವಿಹರಿಸುತ್ತಾರೆ. (ಆ ರಾಗವನ್ನೇ ಬಳಸಿಕೊಂಡ ಇಂಗ್ಲಿಷ್ ಹಾಡು ಜಗತ್ತನ್ನೆಲ್ಲ ಸುತ್ತಿತು, ಲಿಂಡಾ 1962ರಲ್ಲಿ ಬಡವರಾಗಿಯೇ ತೀರಿಕೊಂಡರು, ಅವರ ಮಕ್ಕಳಿಗೆ ನ್ಯಾಯಾಲಯದ ಹೊರಗೆ ರಾಜಿಯಾಗಿ ಹಣ ದಕ್ಕಿದ್ದು 2006ರಲ್ಲಿ.) ಹಿಮ್ಮೇಳದ ಆ ಸಾಲು ಬಾಯಿಗೆ ಬಂದ ಮೇಲೆ ಮಾಂಬಾಜೊ ತಂಡದ 1973ರ ಮೊದಲ ಆಲ್ಬಂ ‘ಅಮಬುಥೊ’ಗೆ ಹೋಗಬಹುದು.