ಕಂಪ್ಯೂಟರ್ ಎದುರಾಳಿಯ ರೇಟಿಂಗ್ ಓದುವುದು ಹೇಗೆ?

ಚೆಸ್ ಆ್ಯಪ್‌ನಲ್ಲಿ 1200 ರೇಟಿಂಗ್‌ನ (ಆಟದ ಬಲ ತೋರಿಸುವ ಅಂಕಿ) ಕಂಪ್ಯೂಟರನ್ನು ಸೋಲಿಸಿದಿರಿ. ಖುಷಿಯಾಗಿ 1400ಕ್ಕೆ ಹೋದಿರಿ, ಅಲ್ಲೂ ಗೆದ್ದಿರಿ. ಮರುದಿನ 1100ರ ಆಟಗಾರರೊಬ್ಬರ ಎದುರು ಇಪ್ಪತ್ತೇ ನಡೆಯಲ್ಲಿ ಸೋತಿರಿ. ಹಾಗಾದರೆ ಆ ಅಂಕಿ ಸುಳ್ಳಾ? ಪೂರ್ತಿ ಸುಳ್ಳಲ್ಲ. ಓದುವ ಬಗೆ ಗೊತ್ತಿರಬೇಕು.

ಮೊದಲು ನೋಡಬೇಕಾದದ್ದು ಇಬ್ಬರ ರೇಟಿಂಗ್ ನಡುವಿನ ಅಂತರ. ಭೌತಶಾಸ್ತ್ರದ ಪ್ರಾಧ್ಯಾಪಕ ಆರ್ಪಾಡ್ ಎಲೊ ರೂಪಿಸಿದ ಈ ರೇಟಿಂಗ್ ಲೆಕ್ಕವನ್ನು ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ. ಇಬ್ಬರ ರೇಟಿಂಗ್ ಸಮ ಇದ್ದರೆ ನೂರು ಆಟದಲ್ಲಿ ತಲಾ 50 ಅಂಕ ಬರುತ್ತದೆಂದು ನಿರೀಕ್ಷೆ. 200ರ ಅಂತರವಿದ್ದರೆ ಬಲಶಾಲಿಗೆ ಸುಮಾರು 76, 400 ಇದ್ದರೆ ಸುಮಾರು 91. ನಿಮಗಿಂತ 200 ಜಾಸ್ತಿ ಇರುವ ಎದುರಾಳಿಯನ್ನು ಒಮ್ಮೆ ಗೆದ್ದಿರೆಂದರೆ ಅದು ಲೆಕ್ಕದೊಳಗೇ ಇದೆ.

ಆಮೇಲೆ, ಅದು ಯಾರ ಜೊತೆ ಆಡಿ ಬಂದ ರೇಟಿಂಗ್ ಎಂದು ಕೇಳಿ. ಇದು ಕಿಲೋ, ಮೀಟರ್‌ಗಳ ಹಾಗೆ ಎಲ್ಲೆಡೆ ಒಂದೇ ಅಲ್ಲ. ಮಾಜಿ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ ಮುಟ್ಟಿದ ಗರಿಷ್ಠ ಫಿಡೆ ರೇಟಿಂಗ್ 2882. ಎಂಜಿನ್‌ಗಳ, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂಗಳ, ಪಟ್ಟಿಯಲ್ಲಿ 3500 ದಾಟಿದವೂ ಇವೆ. ಆದರೆ ಅವು ತಮ್ಮತಮ್ಮಲ್ಲೇ ಆಡಿ ಗಳಿಸಿದ ಅಂಕಿ ಅದು. ಒಂದರಿಂದ ಇನ್ನೊಂದನ್ನು ಕಳೆಯಲು ಹೋಗಬೇಡಿ.

ನನಗೆ ಮುಖ್ಯ ಅನಿಸುವುದು ಮೂರನೆಯ ಹೆಜ್ಜೆ: ಯಂತ್ರವನ್ನು ದುರ್ಬಲ ಮಾಡಿದ್ದು ಹೇಗೆ ಎಂದು ಗಮನಿಸುವುದು. ಸ್ಟಾಕ್‌ಫಿಶ್ ಎಂಬ ಎಂಜಿನ್‌ನಲ್ಲಿ 0ಯಿಂದ 20ರವರೆಗೆ ಮಟ್ಟಗಳಿವೆ. ಮಟ್ಟ ಇಳಿಸಿದರೆ ಅದು ಕೆಲವೊಮ್ಮೆ ಬೇಕೆಂದೇ ಕಳಪೆ ನಡೆ ಆರಿಸುತ್ತದೆ. ಹೀಗೆ ದುರ್ಬಲವಾದ ಯಂತ್ರದ ಆಟ ನೋಡಿ. ಹನ್ನೆರಡು ನಡೆ ಗ್ರ್ಯಾಂಡ್‌ಮಾಸ್ಟರ್ ತರಹ ಆಡುತ್ತದೆ. ಹದಿಮೂರನೆಯದಕ್ಕೆ ರಾಣಿಯನ್ನು ತಂದು ನಿಮ್ಮ ಕಾಲಾಳಿನ ಬಾಯಿಗೆ ಸುಮ್ನೆ ಇಡುತ್ತದೆ. ಮನುಷ್ಯರು ತಪ್ಪುವುದು ಹೀಗಲ್ಲ ಅಲ್ವಾ? ನಾವು ದಾಳಿಯ ಗುಂಗಿನಲ್ಲಿ ಮೂಲೆಯ ಒಂಟೆಯನ್ನು ಮರೆಯುತ್ತೇವೆ, ಗಡಿಯಾರ ನೋಡಿ ಗಾಬರಿಯಾಗುತ್ತೇವೆ. ಆ ರಾಣಿಗಾಗಿ ಕಾದು ಗೆಲ್ಲುವುದು ಅಭ್ಯಾಸವಾದರೆ ಮನುಷ್ಯರೆದುರು ಕಷ್ಟ. ಮಾಯಾ ಎಂಬ ಎಂಜಿನ್ ಬೇರೆ ದಾರಿ ಹಿಡಿದಿದೆ. 1100ರಿಂದ 1900ರವರೆಗಿನ ಆಟಗಾರರ ಆನ್‌ಲೈನ್ ಆಟಗಳಿಂದ ಕಲಿತು, ಅಂಥವರು ಇಡುವ ನಡೆಯನ್ನೇ ಊಹಿಸಿ ಆಡುತ್ತದೆ. ಅದರ ತಪ್ಪುಗಳೂ ನಮ್ಮಂಥವೇ.

ಕೊನೆಗೆ ನೀವೇ ಅಳೆಯಿರಿ. ಒಂದೇ ಮಟ್ಟ, ಒಂದೇ ಸಮಯಮಿತಿ ಇಟ್ಟು 20 ಆಟ ಆಡಿ. ನಡೆ ವಾಪಸ್ ಪಡೆಯಬೇಡಿ, ಸುಳಿವೂ ಬೇಡ. ಹತ್ತು ಅಂಕ ಬಂದರೆ ಅದು ನಿಮಗೆ ಸರಿಜೋಡಿ. ಹದಿನೈದು ಬಂದರೆ ನೀವು ಅದಕ್ಕಿಂತ ಸುಮಾರು 190 ಮೇಲೆ. ಗೆದ್ದ ಪ್ರತಿ ಆಟದ ಪಕ್ಕದಲ್ಲಿ, ಯಂತ್ರ ಕಾಯಿಯನ್ನು ಬಿಟ್ಟಿಯಾಗಿ ಕೊಟ್ಟಿತ್ತೇ ಎಂದೂ ಬರೆದಿಡಿ. ಹಾಗೆ ಕೊಟ್ಟ ಆಟಗಳೇ ಜಾಸ್ತಿ ಇದ್ದರೆ ಆ 190ನ್ನು ಇನ್ನೂ ನಂಬಬೇಡಿ.