ಗಂಡು ಹುಡುಗರ ಸೀಳುಹೊಟ್ಟೆ: ನಾನು ಮಾಡಿಸಿದ ರೀತಿ

ಡಯಾಸ್ಟಾಸಿಸ್ (ಹೊಟ್ಟೆಯ ಮುಂಭಾಗದ ಎರಡು ಉದ್ದ ಸ್ನಾಯುಗಳು ನಡುವೆ ಅಗಲುವ ಸೀಳುಹೊಟ್ಟೆ) ಅಂದರೆ ಬಾಣಂತಿಯರ ತೊಂದರೆ, ಗಂಡು ಹುಡುಗರಿಗೆ ಎಲ್ಲಿಂದ ಬಂತು ಎಂದು ನಕ್ಕ ಫಿಸಿಯೋ ಗೆಳೆಯರಿಗೆ ಇದು. ಹುಬ್ಬಳ್ಳಿಯ ನನ್ನ ಕ್ಲಿನಿಕ್‌ಗೆ ಬಂದವನು ಇಪ್ಪತ್ಮೂರರ ಹುಡುಗ. ನೂರು ಕೆಜಿ ದಾಟಿದ್ದವನು ಎಪ್ಪತ್ತೈದರ ಆಸುಪಾಸಿಗೆ ಇಳಿದಿದ್ದ. ಸಿಕ್ಸ್ ಪ್ಯಾಕ್ ಹುಚ್ಚಿಗೆ ದಿನಾ ಇನ್ನೂರು ಕ್ರಂಚ್ ಬೇರೆ. ಮಲಗಿಸಿ ತಲೆ ಎತ್ತಿಸಿದರೆ ಹೊಕ್ಕುಳ ಮೇಲೆ ಉದ್ದಕ್ಕೆ ದಿಂಡು ಏಳುತ್ತಿತ್ತು. ಸ್ನಾಯುಗಳ ನಡುವಿನ ಸಂದಿಗೆ ಮೂರು ಬೆರಳು ಸಲೀಸಾಗಿ ಇಳಿಯುತ್ತಿದ್ದವು. ಸ್ಕ್ಯಾನ್‌ನಲ್ಲಿ ಹರ್ನಿಯಾ ಇಲ್ಲ ಎಂದು ಬಂದ ಮೇಲೇ ಕೈ ಹಾಕಿದೆ.

ಅಷ್ಟರಲ್ಲಿ ಅವನು ಬೆಲ್ಟಿಗೆ ಸಾವಿರದ ಚಿಲ್ಲರೆ, ಆನ್‌ಲೈನ್ ಕೋರ್ಸಿಗೆ ನಾಲ್ಕು ಸಾವಿರ ಸುರಿದಿದ್ದ. ಆಪರೇಷನ್‌ಗೆ ಒಂದೂವರೆ ಲಕ್ಷ ಹೇಳಿದ್ದರು.

ಮೊದಲ ಒಂದೂವರೆ ತಿಂಗಳು ಎಲ್ಲರಂತೆ ಹೊಟ್ಟೆ ಒಳಗೆಳೆದುಕೊಳ್ಳುವುದನ್ನೇ ಮಾಡಿಸಿದೆ. ಬೆರಳಿನ ಲೆಕ್ಕ ಕದಲಲಿಲ್ಲ. ಟೇಪ್ ಅಂಟಿಸಿ ನೋಡಿದೆ. ಚರ್ಮ ಕೆಂಪಾಯಿತು, ದುಡ್ಡು ದಂಡ. ಆಮೇಲೆ ಫಿಸಿಯೋ ಸಂಶೋಧಕರಾದ ಲೀ ಮತ್ತು ಹಾಡ್ಜಸ್ ಅವರ 2016ರ ಅಧ್ಯಯನವನ್ನು ಮತ್ತೆ ತೆಗೆದೆ. ಅದು ಹೆರಿಗೆಯಾದ ಹೆಂಗಸರ ಮೇಲೆ ಮಾಡಿದ್ದು, ನಿಜ. ಟ್ರಾನ್ಸ್‌ವರ್ಸಸ್ (ಹೊಟ್ಟೆಯ ಒಳಪದರದ ಸ್ನಾಯು) ಬಿಗಿಮಾಡಿ ತಲೆ ಎತ್ತಿದರೆ ಅಂತರ ಅಷ್ಟಾಗಿ ಕಿರಿದಾಗದು, ಆದರೆ ಲಿನಿಯಾ ಆಲ್ಬಾ (ಎರಡು ಸ್ನಾಯುಗಳನ್ನು ಬೆಸೆಯುವ ನಡುವಿನ ಪಟ್ಟಿ) ಸುಕ್ಕುಗಟ್ಟುವುದು ಕಡಿಮೆಯಾಗುತ್ತದೆ. ಅಂದಿನಿಂದ ಬೆರಳು ಎಣಿಸುವುದನ್ನು ಬಿಟ್ಟು ದಿಂಡನ್ನೇ ಹಿಂಬಾಲಿಸಿದೆ. ದಿಂಡು ಏಳದಷ್ಟು ಭಾರ ಎಷ್ಟೋ ಅಷ್ಟು. ಎದ್ದರೆ ಒಂದು ಮೆಟ್ಟಿಲು ಕೆಳಗೆ.

ಸೊಂಟದಡಿಯ ಒತ್ತಡ ತೋರಿಸುವ ಬಯೋಫೀಡ್‌ಬ್ಯಾಕ್ ಯಂತ್ರಕ್ಕೆ ಸಾವಿರಾರು ರೂಪಾಯಿ ಯಾರು ಕೊಡಬೇಕು? ಹಳೇ ಬಿಪಿ ಪಟ್ಟಿಯನ್ನು ಮಡಚಿ ಸೊಂಟದಡಿ ಇಟ್ಟು, 40ರ ತನಕ ಗಾಳಿ ತುಂಬಿ, ಹಿಮ್ಮಡಿ ಜಾರಿಸಲು ಹೇಳಿದೆ. ಮುಳ್ಳು ಕುಣಿಯಬಾರದು, ಅಷ್ಟೇ. "ಸರ, ಇದೂ ಒಂದ್ ವ್ಯಾಯಾಮ ಏನ್ರಿ?" ಅಂದವನಿಗೆ ಐದನೇ ಸಲಕ್ಕೇ ಕಾಲು ನಡುಗಿತು. ಮುಂದೆ ಡೆಡ್ ಬಗ್ (ಅಂಗಾತ ಮಲಗಿ ಎದುರುಬದುರು ಕೈಕಾಲು ಚಾಚುವುದು), ಕೈಯಲ್ಲಿ ಡಂಬೆಲ್ ಹಿಡಿದು ನಡಿಗೆ, ಉಸಿರು ಬಿಡುತ್ತಾ ಡೆಡ್‌ಲಿಫ್ಟ್ (ನೆಲದಿಂದ ಭಾರ ಎತ್ತುವುದು). ಜಿಮ್‌ನ ಕೋಚ್ ಫೋನ್ ಮಾಡಿ ಬೈದ. ಪ್ರತಿ ವಾರ ಹೊಟ್ಟೆಯ ಮಟ್ಟಕ್ಕೆ ಮೊಬೈಲ್ ಇಟ್ಟು ಪಕ್ಕದಿಂದ ವಿಡಿಯೋ ತೆಗೆದು ಆ ಕೋಚ್‌ಗೇ ಕಳಿಸಿದೆ.

ಉಸಿರಿನ ಎಣಿಕೆಯನ್ನು ಯಾವಾಗ ಬದಲಿಸುತ್ತೇನೆ ಎಂಬುದೊಂದನ್ನು ಇಲ್ಲಿ ಬರೆಯುವುದಿಲ್ಲ; ಅದು ನನ್ನ ಹೊಟ್ಟೆಪಾಡು.

ಐದು ತಿಂಗಳ ಹೊತ್ತಿಗೆ ಎಂಬತ್ತು ಕೆಜಿ ಎತ್ತಿದರೂ ದಿಂಡಿಲ್ಲ. ಅಂತರ ಒಂದೂವರೆ ಬೆರಳು ಉಳಿದಿದೆ, ಉಳಿಯಲಿ. ನನ್ನ ಫೀಸು ಎಲ್ಲಾ ಸೇರಿ ಒಂಬತ್ತು ಸಾವಿರದ ಒಳಗೆ.

ಈಗ ಅಮರಗೋಳ ಎಪಿಎಂಸಿಯ ಹಮಾಲಿ ಹುಡುಗನೊಬ್ಬ ಬರುತ್ತಿದ್ದಾನೆ. ಅವನಿಗೆ ವಿಶ್ರಾಂತಿ ಹೇಳಿದರೆ ಕೂಲಿ ಹೋಗುತ್ತದೆ. ಹಾಗಾಗಿ ಮೂಟೆ ಎತ್ತುವಾಗಲೇ ಉಸಿರು ಬಿಡುವುದನ್ನು ಕಲಿಸುತ್ತಿದ್ದೇನೆ. ಸದ್ಯ ಅರ್ಧ ಚೀಲದವರೆಗೆ ದಿಂಡು ಏಳುತ್ತಿಲ್ಲ.