ಬ್ಯಾಸ್ಕೆಟ್‌ಬಾಲ್ ಆಡಿಯೇ ಬದುಕಬೇಕು ಅನ್ನುವ ಹಾಸನ, ಚಿಕ್ಕಮಗಳೂರಿನ ಮಕ್ಕಳಿಗೆ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಜೀವನ ನಡೆಸುವವರಲ್ಲಿ ಹೆಚ್ಚಿನವರು ನೌಕರಿಯಲ್ಲಿರುವವರು. ರೈಲ್ವೆ, ಬ್ಯಾಂಕು, ಒಎನ್‌ಜಿಸಿ, ಸೇನೆ, ಆದಾಯ ತೆರಿಗೆ ಇಲಾಖೆ, ಹೀಗೆ. ಸಂಬಳ ಆಫೀಸಿನದು, ಆಡುವುದು ಆಫೀಸಿನ ತಂಡಕ್ಕೆ. ಕೇರಳದ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯವರು. ವಾರಾಣಸಿಯ ವಿಶೇಷ್ ಭೃಗುವಂಶಿ ಒಎನ್‌ಜಿಸಿಯವರು. ಇಬ್ಬರೂ ಭಾರತ ತಂಡದ ನಾಯಕರಾಗಿದ್ದವರು, ಇಬ್ಬರಿಗೂ ಅರ್ಜುನ ಪ್ರಶಸ್ತಿ ಬಂದಿದೆ.

ಲೀಗ್‌ಗಳೂ ಬಂದಿವೆ. 2015ರಲ್ಲಿ ಯುಬಿಎ ಶುರುವಾಯಿತು, ಎರಡು ಮೂರು ವರ್ಷದಲ್ಲೇ ನಿಂತಿತು. 2022ರಲ್ಲಿ ಐಎನ್‌ಬಿಎಲ್ ಬಂತು, ಅದರಲ್ಲಿ ಬೆಂಗಳೂರು ಕಿಂಗ್ಸ್ ಅಂತ ತಂಡವೂ ಇತ್ತು. ಅವಕಾಶ ಸಿಕ್ಕರೆ ಖಂಡಿತ ಆಡಿ. ಆದರೆ ಲೀಗ್ ನಂಬಿಕೊಂಡು ಮನೆ ನಡೆಸಲು ಆಗುವುದಿಲ್ಲ. ಅಮೆರಿಕದ ದೊಡ್ಡ ಲೀಗ್ ಎನ್‌ಬಿಎ ಕನಸು ಕಾಣಿ, ತಪ್ಪೇನಿಲ್ಲ, ದಾರಿ ಮಾತ್ರ ಈ ನೌಕರಿಯದ್ದೇ ಹಿಡಿಯಿರಿ.

ಈಗ ಪ್ರಾಕ್ಟೀಸ್ ವಿಷಯ. ನಮ್ಮ ಕಡೆ ದೊಡ್ಡ ತೊಂದರೆ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆ ಬಯಲಿನ ಸಿಮೆಂಟ್ ಕೋರ್ಟ್ ಮೇಲೆ ಪಾಚಿ ಕಟ್ಟುತ್ತದೆ. ಅದರ ಮೇಲೆ ಓಡಿ ಮಂಡಿ ತಿರುಚಿಕೊಂಡರೆ ಒಂದು ವರ್ಷ ಹೋಯಿತು ಅಂತಲೇ ಲೆಕ್ಕ. ಬ್ಲೀಚಿಂಗ್ ಪೌಡರ್ ಹಾಕಿ, ತೆಂಗಿನ ಪೊರಕೆಯಲ್ಲಿ ಗಸಗಸ ಉಜ್ಜಿ, ತೊಳೆದು, ಒಣಗಿದ ಮೇಲೇ ಇಳಿಯಿರಿ. ತೋಟದ ಮನೆಯವರಿಗೆ ಇನ್ನೊಂದು ಅನುಕೂಲ ಇದೆ, ಕಾಫಿ ಕಣ. ಡಿಸೆಂಬರ್‌ನಿಂದ ಮಾರ್ಚ್ ತನಕ ಅಲ್ಲಿ ಕಾಫಿ ಒಣಗುತ್ತಿರುತ್ತದೆ, ಆಗ ಕಾಲಿಡುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ, ಮತ್ತೆ ಮಳೆ ನಿಂತ ಮೇಲೆ ಅಕ್ಟೋಬರ್‌ನಲ್ಲಿ ಕಣ ಖಾಲಿ. ಡ್ರಿಬಲ್ ಮಾಡಲು, ಅಂದರೆ ಚೆಂಡು ಪುಟಿಸುತ್ತಾ ಓಡಲು, ಅದಕ್ಕಿಂತ ಒಳ್ಳೆ ಜಾಗ ಬೇಕಾ? ಜೋರು ಮಳೆಯಲ್ಲಿ ಗೋಡೌನಿನ ಒಳಗೆ ಗೋಡೆಗೆ ಪಾಸ್ ಹೊಡೆಯಿರಿ, ಕೂತು ಏಳುವ ವ್ಯಾಯಾಮ ಮಾಡಿ, ಒಂಟಿ ಕಾಲಲ್ಲಿ ನಿಲ್ಲುವುದನ್ನು ರೂಢಿ ಮಾಡಿ. ಎಷ್ಟು ಎತ್ತರ ಹಾರುತ್ತೀರಿ ಅನ್ನುವುದಕ್ಕಿಂತ ಹೇಗೆ ಇಳಿಯುತ್ತೀರಿ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಎರಡೂ ಕಾಲ ಮೇಲೆ, ಮಂಡಿ ಸ್ವಲ್ಪ ಬಗ್ಗಿಸಿ, ಸದ್ದಾಗದ ಹಾಗೆ ಇಳಿಯಬೇಕು.

ಶಾಟ್, ಅಂದರೆ ಚೆಂಡನ್ನು ರಿಂಗ್‌ಗೆ ಎಸೆಯುವ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮಕ್ಕಳು ಎಡವುವುದು ಇಲ್ಲೇ. ರಿಂಗ್ ಇರುವುದು 10 ಅಡಿ ಮೇಲೆ, ಅದರ ಅಗಲ 45 ಸೆಂ.ಮೀ. ಗಂಡಸರ 7ನೇ ನಂಬರ್ ಚೆಂಡಿನ ಅಗಲ ಸುಮಾರು 24 ಸೆಂ.ಮೀ. ಅಂದರೆ ಮೇಲಿಂದ ಇಳಿಯುವ ಚೆಂಡಿಗೆ ಜಾಗ ಬೇಕಾದಷ್ಟಿದೆ, ಆದರೆ ನೇರ ಚಪ್ಪಟೆಯಾಗಿ ಎಸೆದರೆ ಆ ಚೆಂಡಿನ ಪಾಲಿಗೆ ರಿಂಗ್ ಸಣ್ಣದಾಗಿಬಿಡುತ್ತದೆ. ಸಣ್ಣ ಮಕ್ಕಳಿಗೆ ದೊಡ್ಡ ಚೆಂಡು ಕೊಟ್ಟರೆ ಶಕ್ತಿ ಸಾಲದೆ ಎದೆಯಿಂದ ತಳ್ಳುತ್ತಾರೆ. ಆ ಅಭ್ಯಾಸ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಬಲು ಕಷ್ಟ. 12 ವರ್ಷದೊಳಗಿನವರಿಗೆ 5ನೇ ನಂಬರ್ ಚೆಂಡು ಕೊಡಿ, ದೊಡ್ಡ ಹುಡುಗಿಯರಿಗೆ 6ನೇ ನಂಬರ್. ರಿಂಗ್ ಹತ್ತಿರವೇ ನಿಂತು, ಮೊಣಕೈ ಚೆಂಡಿನ ಕೆಳಗೆ ತಂದು, ಒಂದೇ ಕೈಯಲ್ಲಿ ಎತ್ತಿ ಬಿಡಿ. ಬಿಟ್ಟ ಮೇಲೆ ಮಣಿಕಟ್ಟು ಮುಂದಕ್ಕೆ ಬಾಗಿ ಹಾಗೇ ನಿಂತಿರಬೇಕು. ಅಲ್ಲಿಂದ ಚೆಂಡು ರಿಂಗ್‌ಗೆ ಬೀಳತೊಡಗಿದ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಹೋಗಿ. 6.75 ಮೀಟರ್‌ನ ಮೂರು ಪಾಯಿಂಟ್ ಗೆರೆ ಆಮೇಲೆ ನೋಡೋಣ. ಎಡಗೈ ಲೇಅಪ್ (ಓಡಿ ಬಂದು ರಿಂಗ್ ಹತ್ತಿರ ಹಾರಿ ಚೆಂಡು ಹಾಕುವುದು) ಮಾತ್ರ ಮೊದಲ ವರ್ಷವೇ ಕಲಿಯಿರಿ. ಟ್ರಯಲ್ಸ್‌ನಲ್ಲಿ ಎಡಗಡೆಯಿಂದ ಬಂದು ಬಲಗೈಯಲ್ಲಿ ಹಾಕುವ ಹುಡುಗನಿಗೆ ಎಡಗೈ ಬರುವುದಿಲ್ಲ ಅಂತ ಕೋಚ್ ಒಂದೇ ನೋಟದಲ್ಲಿ ಗುರುತಿಸುತ್ತಾರೆ.

ಮುಂದಿನ ಮೆಟ್ಟಿಲು ಕ್ರೀಡಾ ವಸತಿ ನಿಲಯ, ಅಂದರೆ ಅಲ್ಲೇ ಇದ್ದು ಓದುತ್ತಾ ಆಟ ಕಲಿಯುವ ಸರ್ಕಾರಿ ಹಾಸ್ಟೆಲ್. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇದಕ್ಕೆ ಮಕ್ಕಳನ್ನು ಆಯ್ಕೆ ಮಾಡುತ್ತದೆ. ಎತ್ತರ, ಓಟ, ಜಿಗಿತ ಎಲ್ಲ ಅಳೆಯುತ್ತಾರೆ. ದಿನಾಂಕಕ್ಕಾಗಿ ಪೇಪರ್ ಕಾಯಬೇಡಿ, ನಿಮ್ಮ ಜಿಲ್ಲೆಯ ಇಲಾಖೆ ಕಚೇರಿಗೆ ಹೋಗಿ ಕೇಳಿ, ಪಿ.ಟಿ. ಮೇಷ್ಟ್ರನ್ನೂ ಬಿಡಬೇಡಿ. ಹಾಸ್ಟೆಲ್ ಸಿಗದಿದ್ದರೆ ಕಥೆ ಮುಗಿಯಲಿಲ್ಲ. ಶಾಲಾ ಕ್ರೀಡಾಕೂಟ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೇರುತ್ತದೆ. ಹಾಸನ, ಚಿಕ್ಕಮಗಳೂರು ಎರಡೂ ಮೈಸೂರು ವಿಭಾಗದಲ್ಲಿವೆ. ಅಂದರೆ ವಿಭಾಗ ಮಟ್ಟದಲ್ಲಿ ಎದುರಿಗೆ ಬರುವವರು ಮೈಸೂರು, ಮಂಗಳೂರು, ಉಡುಪಿ ಕಡೆಯ ಮಕ್ಕಳು. ರಜೆಯಲ್ಲಿ ಅವರ ಊರಿಗೇ ಹೋಗಿ ಒಂದೆರಡು ಮ್ಯಾಚ್ ಆಡಿ ಬನ್ನಿ, ಬಸ್ ಚಾರ್ಜ್‌ಗೆ ಮೋಸವಿಲ್ಲ.

ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರೇ, 2017ರಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಮಹಿಳಾ ಏಷ್ಯಾ ಕಪ್ ನಡೆದಾಗ ನಮ್ಮ ಹುಡುಗಿಯರು ಬಿ ಡಿವಿಷನ್ (ಎರಡನೇ ದರ್ಜೆ) ಫೈನಲ್‌ನಲ್ಲಿ ಕಜಕಿಸ್ತಾನವನ್ನು 75-73ರಿಂದ ಸೋಲಿಸಿದರು. ಎಸ್ಸೆಸ್ಸೆಲ್ಸಿ ಬಂತು ಅಂತ ಮಗಳ ಆಟ ನಿಲ್ಲಿಸಬೇಡಿ. ಸಂಜೆ ಒಂದು ಗಂಟೆ ಕೋರ್ಟ್‌ಗೆ ಹೋಗಿ ಬಂದರೆ ಓದು ಕೆಡುವುದಿಲ್ಲ.

ಇನ್ನು ಕಾಗದಪತ್ರ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದಲ್ಲಿ, ಅಂದರೆ ಆಟಗಾರರಿಗೆ ಅಂತ ಇಟ್ಟ ನೌಕರಿಗಳಲ್ಲಿ, ಸರ್ಟಿಫಿಕೇಟ್‌ಗೆ ಬೇರೆ ಬೇರೆ ಫಾರಂ ಇವೆ. ಅಂತರರಾಷ್ಟ್ರೀಯ ಮಟ್ಟಕ್ಕೆ ಫಾರಂ 1, ರಾಷ್ಟ್ರಮಟ್ಟಕ್ಕೆ 2, ಅಂತರ ವಿಶ್ವವಿದ್ಯಾಲಯಕ್ಕೆ 3, ರಾಷ್ಟ್ರೀಯ ಶಾಲಾ ಕ್ರೀಡೆಗೆ 4. ಊರಿನ ಟೂರ್ನಮೆಂಟಿನ ಕಪ್ ಎಷ್ಟೇ ದೊಡ್ಡದಿರಲಿ, ಅರ್ಜಿಗೆ ಅದು ಲೆಕ್ಕಕ್ಕಿಲ್ಲ. ಅದಕ್ಕೇ ಡಿಗ್ರಿ ಬಿಡಬೇಡಿ ಅನ್ನುವುದು. ಕಾಲೇಜಿನಲ್ಲಿದ್ದರೆ ತಾನೇ ಯೂನಿವರ್ಸಿಟಿ ತಂಡ, ಆ ತಂಡದಿಂದ ತಾನೇ ಫಾರಂ 3. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಇನಿಷಿಯಲ್ ಹೇಗಿದೆಯೋ ಸರ್ಟಿಫಿಕೇಟ್‌ನಲ್ಲೂ ಹಾಗೇ ಇರಬೇಕು. ಕೈಗೆ ಕೊಟ್ಟ ದಿನವೇ ಓದಿ ನೋಡಿ, ತಪ್ಪಿದ್ದರೆ ಅಲ್ಲೇ ಸರಿ ಮಾಡಿಸಿ. ವರ್ಷಗಳು ಕಳೆದ ಮೇಲೆ ಸಹಿ ಹಾಕಿದವರನ್ನು ಹುಡುಕುವುದು ದೊಡ್ಡ ಪಾಡು.

ಜಿಮ್‌ನಲ್ಲಿ ಯಾರೋ ಕೊಟ್ಟ ಪೌಡರ್ ಸುಮ್ನೆ ಕುಡಿಯಬೇಡಿ, ಅದರಲ್ಲಿ ನಿಷೇಧಿತ ಮದ್ದು ಇರಬಹುದು. ಪಂಜಾಬಿನ ಹಳ್ಳಿಯಿಂದ ಬಂದು 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) 52ನೆಯವರಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದ ಸತ್ನಾಮ್ ಸಿಂಗ್ ಅವರಂಥವರಿಗೇ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಎರಡು ವರ್ಷ ನಿಷೇಧ ಆಯಿತು. ಮನೆಯ ಮುದ್ದೆ, ಹುರುಳಿ ಸಾರು, ಮೊಟ್ಟೆ, ಹಾಲು, ಚೆನ್ನಾಗಿ ನಿದ್ದೆ, ಈ ವಯಸ್ಸಿಗೆ ಇಷ್ಟು ಸಾಕು.

ಮೂವತ್ತು ದಾಟಿದ ಮೇಲೆ ಕಾಲು ಮೊದಲಿನ ಹಾಗೆ ಕೇಳುವುದಿಲ್ಲ. ನೌಕರಿ ಇದ್ದವರು ಆಫೀಸಿನಲ್ಲಿ ಮುಂದುವರಿಯುತ್ತಾರೆ. ಆಟದ ಹತ್ತಿರವೇ ಇರಬೇಕು ಅನ್ನಿಸಿದರೆ ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮಾಡಿ ಮೇಷ್ಟ್ರಾಗಬಹುದು, ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಮಾಡಬಹುದು, ರೆಫರಿ ಪರೀಕ್ಷೆ ಬರೆಯಬಹುದು. ಡಿಪ್ಲೊಮಾಗೂ ಆಟದ ಸರ್ಟಿಫಿಕೇಟ್ ಕೇಳುತ್ತಾರೆ, ಆದ್ದರಿಂದ ಎಲ್ಲದರ ಅಸಲು ಪ್ರತಿ ಒಂದೇ ಫೈಲಿನಲ್ಲಿ ಮನೆಯಲ್ಲಿಟ್ಟು, ಟ್ರಯಲ್ಸ್‌ಗೆ ಜೆರಾಕ್ಸ್ ಒಯ್ಯಿರಿ, ಅಸಲು ಕೇಳಿದರೆ ಮಾತ್ರ ಒಯ್ದು ತೋರಿಸಿ ವಾಪಸ್ ತನ್ನಿ.